ಕಾಲರಿಗೆ ಕತ್ತರಿಸಿದ ರಿಪೋರ್ಟು

ನನ್ನ ಗಂಡ ಟೈಲರ್. ಗಟ್ಟಿ ಕಾಗದ ಕಂಡರೆ ಸಾಕು, ಅಳತೆಗೆಂದು ಕಾಲರಿನ ಆಕಾರಕ್ಕೆ ಕತ್ತರಿಸಿಬಿಡುತ್ತಾರೆ. ಮೊನ್ನೆ ಅಂಗಡಿಯಲ್ಲಿ ಗುಂಡಿ ಹೊಲಿಯುತ್ತಿದ್ದಾಗ ಅಂಥದ್ದೊಂದು ಕಾಗದ ಕೈಗೆ ಸಿಕ್ಕಿತು. ಹಿಂದೆ ತಿರುಗಿಸಿದರೆ ಇವರದೇ ಹೆಸರು, ಕೆಳಗೆ ‘ಫ್ಯಾಟಿ ಲಿವರ್’ ಎಂದಿತ್ತು. ಎಂಟು ತಿಂಗಳ ಹಿಂದಿನ ತಾರೀಖು! ಮೈಯೆಲ್ಲ ಉರಿದುಹೋಯಿತು.

“ಇದೇನ್ರೀ?”

“ಹೊಟ್ಟೆನೋವು ಅಂತ ಸ್ಕ್ಯಾನ್ ಮಾಡ್ಸಿದ್ನಲ್ಲ, ಅದು. ಲಿವರಲ್ಲಿ ಸ್ವಲ್ಪ ಕೊಬ್ಬಂತೆ. ಬಿಡೇ, ನೋವು ಹೋಯ್ತಲ್ಲ.”

“ನಂಗ್ಯಾಕೆ ಹೇಳ್ಲಿಲ್ಲ?”

“ಲಿವರ್ ಅಂದ್ರೆ ಜನ ಕುಡುಕ ಅಂತಾರೆ. ಒಂದು ಹನಿ ಮುಟ್ಟದವನು ನಾನು. ಸುಮ್ನೆ ಯಾಕೆ ಮರ್ಯಾದೆ ಕಳ್ಕೊಳ್ಳೋದು?”

ಮರ್ಯಾದೆಯಂತೆ ಮರ್ಯಾದೆ! ಎಂಟು ತಿಂಗಳು ದಿನಕ್ಕೆ ಆರು ಲೋಟ ಸಕ್ಕರೆ ಟೀ ಮಾಡಿಕೊಟ್ಟವಳು ನಾನು. ಪಕ್ಕದ ಮನೆಯ ನರ್ಸಮ್ಮನನ್ನು ಕರೆತಂದೆ.

“ಕುಡಿಯದೋರಿಗೂ ಬರುತ್ತಣ್ಣ,” ಎಂದಳು ಅವಳು. “ಲಿವರಲ್ಲಿ ಕೊಬ್ಬಿರೋರಿಗೆ ಹೃದಯದ ತೊಂದರೆನೂ ಜಾಸ್ತಿ. ರಕ್ತ ಪರೀಕ್ಷೆ ಆಯ್ತಾ?”

“ಲಿವರ್ ಎಲ್ಲೋ, ಹೃದಯ ಎಲ್ಲೋ! ನಂಗೆ ಎದೆನೋವೇ ಇಲ್ಲ.”

“ನೋವು ಬರೋವರೆಗೂ ಕಾಯ್ತೀರಾ? ಕೆಟ್ಟ ಕೊಲೆಸ್ಟ್ರಾಲ್, ಟ್ರೈಗ್ಲಿಸರೈಡ್ ಅನ್ನೋ ರಕ್ತದ ಕೊಬ್ಬು, ಮೂರು ತಿಂಗಳ ಸರಾಸರಿ ಸಕ್ಕರೆ ನೋಡಿದ್ರೆ ಅಪಾಯ ಎಷ್ಟಿದೆ ಅಂತ ಮೊದಲೇ ಅಂದಾಜು ಸಿಗುತ್ತೆ. ಬಿಪಿನೂ ನೋಡ್ಬೇಕು. ಬೇಕಾದ್ರೆ ಡಾಕ್ಟರು ಬೇರೆ ಪರೀಕ್ಷೆನೂ ಬರೀತಾರೆ.”

“ಶಾಲೆ ಯೂನಿಫಾರಂ ರಾಶಿ ಬಿದ್ದಿದೆ. ಅದು ಮುಗೀಲಿ.”

ನನ್ನ ಪಿತ್ತ ನೆತ್ತಿಗೇರಿತು. ಕೈಯಿಂದ ಕತ್ತರಿ ಕಸಿದುಕೊಂಡೆ.

“ಊರಿನೋರ ಎದೆ ಅಳತೆಯೆಲ್ಲ ಬಾಯಿಪಾಠ ನಿಮಗೆ! ನಿಮ್ಮೆದೆ ಒಳಗೇನಾಗ್ತಿದೆ ಗೊತ್ತಾ? ನಾಳೆ ನೀವಿಲ್ಲ ಅಂದ್ರೆ ನನ್ನನ್ನೂ ಮಗಳನ್ನೂ ಆ ಜನ ಸಾಕ್ತಾರಾ?”

ಇವರು ಕೊರಳಿನ ಅಳತೆ ಟೇಪು ತೆಗೆದು ಮೇಜಿನ ಮೇಲಿಟ್ಟರು.

ಮರುದಿನ ಖಾಲಿ ಹೊಟ್ಟೆಯಲ್ಲಿ ನಾನೇ ಇವರನ್ನು ಆಸ್ಪತ್ರೆಗೆ ಕರೆದೊಯ್ದೆ. ರಿಪೋರ್ಟು ಬಂತು. ಕೆಟ್ಟ ಕೊಲೆಸ್ಟ್ರಾಲ್ ಹೆಚ್ಚಿತ್ತು, ಸಕ್ಕರೆಯೂ ಮಿತಿ ದಾಟಿತ್ತು. ಡಾಕ್ಟರು ಮಾತ್ರೆ ಬರೆದರು, ದಿನಾ ನಡೆಯಿರಿ, ಟೀಗೆ ಸಕ್ಕರೆ ಬಿಡಿ ಎಂದರು. “ಸದ್ಯ, ಈಗಲಾದ್ರೂ ಬಂದ್ರಲ್ಲ,” ಎಂದೂ ಹೇಳಿದರು.

ಹೊರಗೆ ಬಂದ ಮೇಲೆ ಇವರು ಮೆಲ್ಲಗೆ, “ತಪ್ಪಾಯ್ತು ಕಣೇ,” ಎಂದರು. ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಆ ಎಂಟು ತಿಂಗಳನ್ನು ಎಲ್ಲಿಂದ ವಾಪಸ್ ತರಲಿ?

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲಿ ಯಾರಿಗಾದರೂ ಫ್ಯಾಟಿ ಲಿವರ್ ಇದ್ದರೆ ನಾಚಿಕೆಗೆ ಮುಚ್ಚಿಡಬೇಡಿ. ಡಾಕ್ಟರ ಹತ್ತಿರ ಹೋಗಿ, “ನನ್ನ ಹೃದಯಕ್ಕೆ ಅಪಾಯ ಇದೆಯಾ? ಯಾವ ರಕ್ತ ಪರೀಕ್ಷೆ ಮಾಡಿಸಬೇಕು?” ಎಂದು ಬಾಯಿಬಿಟ್ಟು ಕೇಳಿ. ಹೋಗಲ್ಲ ಎಂದವರನ್ನು ಜಗಳವಾಡಿಯಾದರೂ ಎಳೆದೊಯ್ಯಿರಿ. ಬೈಯುವುದಕ್ಕಾದರೂ ಮನುಷ್ಯ ಎದುರಿಗಿರಬೇಕಲ್ಲ!