ಗೋಡೆ ಬಿಟ್ಟ ಚಿತ್ರ

ಸ್ಕೇಲಿಟ್ಟು ಈರಣ್ಣ ಗೆರೆ ಎಳೆದೇಬಿಟ್ಟ. ಬಾಲ್‌ಪೆನ್ನಿನ ನೀಲಿ, ಅಣ್ಣನ ಮಸಿಚಿತ್ರದ ತೆಳು ಕಾಗದವನ್ನು ಗೀಚಿಕೊಂಡು ಮೆಟ್ಟಿಲಿನಿಂದ ಬಾಗಿಲಿನವರೆಗೂ ಹೋಯಿತು.

"ಅಣ್ಣ ಮೂವತ್ತು ವರ್ಷ ಬಿಲ್ಡಿಂಗ್ ಪ್ಲಾನ್ ತೆಗದಾಂವ. ಗೋಡಿ ಇಲ್ಲದ ಮನಿ ಚಿತ್ರಾ ಅವನ ಹೆಣದ ತಲಿ ಹತ್ರ ಇಟ್ರ ಮಂದಿ ನಗ್ತಾರ, ವೈನಿ. ಈಗ ಕಂಪ್ಲೀಟ್ ಆತು ನೋಡ್ರಿ."

ಅಮೆರಿಕದ ಸೆಂಟರ್‌ವಿಲ್‌ನ ಫ್ಯೂನರಲ್ ಹೋಮಿನಲ್ಲಿ ಆ ಅಣ್ಣ ಗುರುಸಿದ್ದಪ್ಪನ ಶವದ ಪಕ್ಕ ಹೆಂಡತಿ ಶಿವಬಸಮ್ಮ ಕೂತಿದ್ದಳು.

"ಏನರೆ ಮಾಡ್ಕೊ. ರವಿವಾರ ಬಂತಂದ್ರ ಆ ಚೀನಾದ ಮುದುಕನ ಮನಿ. ಈ ಮಸಿ ನನಗ ಸವತಿ ಆಗಿತ್ತು."

ಗುರುಸಿದ್ದಪ್ಪನಿಗೆ ಚಿತ್ರ ಕಲಿಸಿದ ಆ ಮುದುಕ ಲಿಯಾಂಗ್ ಅಷ್ಟರಲ್ಲೇ ಒಳಗೆ ಬಂದ. ಮುಂದಿನ ತಿಂಗಳ ಪ್ರದರ್ಶನಕ್ಕೆ ಅದೇ ಚಿತ್ರ ಕೇಳಲು ಬಂದವನು, ನೀಲಿ ಗೆರೆ ಕಂಡು ನಿಂತ.

"ಹೂ ಡಿಡ್ ದಿಸ್?"

"ಐ ಡಿಡ್. ಹಿಸ್ ಬ್ರದರ್."

"ಯೂ ಕಿಲ್ಡ್ ಇಟ್."

"ಹೆಣದ ಮುಂದ ನಿಂತು ಕೊಂದಿ ಅಂತಾನ! ಇವನ್ನ ಹೊರಗ ಹಾಕ್ರಿ, ವೈನಿ!"

*

ವರ್ಷಗಳ ಹಿಂದೆ, ಕಲಿಯಲು ಹೋದ ಮೊದಲ ರವಿವಾರ ಗುರುಸಿದ್ದಪ್ಪನೂ ಸ್ಕೇಲು ಒಯ್ದಿದ್ದ. ಲಿಯಾಂಗ್ ಅದನ್ನು ಕಿಟಕಿಯಾಚೆ ಎಸೆದ. ಚೀನಾದ ಮಸಿಯಲ್ಲಿ ಬೆಟ್ಟ ಬಿದಿರು ಬಿಟ್ಟು ಕಟ್ಟಡಗಳನ್ನೇ ಬರೆಯುತ್ತಿದ್ದವನು ಅವನು. ಮೆಟ್ಟಿಲು, ಕಂಬ, ಬಾಗಿಲಿಗೆ ಮಾತ್ರ ಮಸಿ. ಗೋಡೆಗೆ ಬಿಳಿ ಕಾಗದವೇ ಸಾಕು ಅನ್ನುತ್ತಿದ್ದ. ಗುರುಸಿದ್ದಪ್ಪನಿಗೆ ಒಪ್ಪಿಗೆಯೇ, ಕೈ ಕೇಳುತ್ತಿರಲಿಲ್ಲ. ಬಾಗಿಲು ಬರೆದೊಡನೆ ಅದು ಗೋಡೆ ಎಳೆದುಬಿಡುತ್ತಿತ್ತು. ವರ್ಷಗಟ್ಟಲೆ ಹಾಳೆ ಹರಿದ.

ತೊಂಬತ್ತೇಳರ ಚಳಿಗಾಲದ ಒಂದು ಬೆಳಿಗ್ಗೆ ಇದೇ ಚಿತ್ರ ಹಿಡಿದು ಅಡುಗೆಮನೆಗೆ ಓಡಿ ಬಂದ.

"ಬಸಮ್ಮಾ, ಇವತ್ತ ಬಿಟ್ಟೆ ನೋಡ! ಗೋಡಿ ಬಿಟ್ಟೆ!"

"ಬಿಡೂದೂ ಒಂದು ಕೆಲಸೇನು?" ಎಂದು ಅವಳು ರೊಟ್ಟಿ ತಿರುವಿ ಹಾಕಿದ್ದಳು.

*

"ಆ ಪೆನ್ ಇಲ್ಲೆ ಕೊಡು," ಶಿವಬಸಮ್ಮ ಎದ್ದಳು.

ಈರಣ್ಣ ಕೊಟ್ಟ. ಅದನ್ನು ಕಸದ ಬುಟ್ಟಿಗೆ ಎಸೆದಳು. ಲಿಯಾಂಗ್ ಚಿತ್ರಕ್ಕೆ ಕೈ ಚಾಚಿದರೆ ಅವನ ಕೈಯನ್ನೂ ತಳ್ಳಿದಳು.

"ನೀನೂ ಮುಟ್ಟಬ್ಯಾಡ."

ಶವದ ಹಣೆಗೆಂದು ಬಟ್ಟಲಲ್ಲಿ ವಿಭೂತಿ ಕಲಸಿಟ್ಟಿದ್ದರು. ಅವಳು ಮೂರು ಬೆರಳು ಅದ್ದಿ, ನೀಲಿ ಮುಚ್ಚಲೆಂದು ಗೆರೆಯ ಮೇಲೆ ಬಳಿದಳು. ಕಾಗದ ನೆಂದು ಸುಕ್ಕಾಯಿತು. ಮತ್ತೆ ಅದ್ದಿದಳು, ಮತ್ತೆ ಬಳಿದಳು.

"ವೈನಿ, ಅಣ್ಣನ ಹಣಿಗೆ ಉಳೀಬೇಕ್ರಿ!"

ಅವಳು ಬಟ್ಟಲ ತಳ ಕೆರೆಯುತ್ತಿದ್ದಳು. ಒದ್ದೆ ಬೂದಿಯ ಅಡಿಯಿಂದ ಗೆರೆ, ಮುಂಗೈಯ ನರದ ಹಾಗೆ, ನೀಲಿಯಾಗಿಯೇ ಮೇಲೆ ಬರುತ್ತಿತ್ತು.