ಬೆಳ್ಳಗೆ ತೊಳೆದ ಸ್ಪಂಜು

ಹೆನಾರೊ ಮಿಸೆಸ್ ಲ್ಯಾಂಗ್ಲಿಯ ಹಿತ್ತಿಲ ಮೀನುಕೊಳದ ಪಕ್ಕ ಕೂತು, ಫಿಲ್ಟರ್ ಡಬ್ಬಿಯೊಳಗೆ ಮೊಣಕೈವರೆಗೆ ಕೈ ಬಿಟ್ಟಿದ್ದ. ವಾಸನೆ ಅಂದರೆ ಅಂಥಿಂಥ ವಾಸನೆಯಲ್ಲ. ಬಸ್ಸಿನಲ್ಲಿ ಅವನ ಪಕ್ಕದ ಸೀಟು ಸದಾ ಖಾಲಿ. ಮನೆಯಲ್ಲಿ ಮೂರು ಸಲ ನಿಂಬೆಹಣ್ಣು ಉಜ್ಜಿಸದೆ ಹೆಂಡತಿ ಅವನ ಕೈಗೆ ತೋರ್ತಿಯ ರೊಟ್ಟಿ ಕೊಡುತ್ತಿರಲಿಲ್ಲ. ಆದರೂ ಎಸ್ಕಾಂಡಿಡೊ ಊರಿನ ಆ ಗುಡ್ಡದ ಮೇಲೆ ಹನ್ನೊಂದು ವರ್ಷದಿಂದ ಅವನ ಸಂಸಾರದ ಹೊಟ್ಟೆ ಹೊರೆದದ್ದು ಈ ಕೆಸರೇ.

ಅವನ ಕೆಲಸಕ್ಕೊಂದು ರೀತಿ ಇತ್ತು. ಕೊಳದ್ದೇ ನೀರು ತುಂಬಿದ ಬಕೆಟ್ಟಿನಲ್ಲಿ ಡಬ್ಬಿಯ ಸ್ಪಂಜನ್ನು ಎರಡು ಸಲ ಹಿಂಡಬೇಕು, ವಾಪಸ್ ಇಡಬೇಕು. ಅಷ್ಟೇ. ನಲ್ಲಿ ನೀರು ಸೋಕಿಸಕೂಡದು. ಆ ಕಂದು ಲೋಳೆಯಲ್ಲಿ ಕಣ್ಣಿಗೆ ಕಾಣದ ಜೀವಗಳಿವೆ. ಮೀನಿನ ಹೊಲಸು ತಿಂದು ಮೀನನ್ನು ಬದುಕಿಸುವವು ಅವೇ. ನಲ್ಲಿ ನೀರಿನ ಕ್ಲೋರಿನ್ ತಾಗಿದರೆ ಅವು ಸತ್ತವು, ಅವುಗಳ ಹಿಂದೆಯೇ ಮೀನೂ.

ಆ ಮಂಗಳವಾರ ಮಿಸೆಸ್ ಲ್ಯಾಂಗ್ಲಿ ಬೆನ್ನ ಹಿಂದೆ ಬಂದು ನಿಂತಳು. ಶನಿವಾರ ತೋಟದ ಸಂಘದ ಹೆಂಗಸರು ಅವಳ ಕೊಳ ನೋಡಲು ಬರುವವರಿದ್ದರು.

"ಹನ್ನೊಂದು ವರ್ಷದಿಂದ ಇದನ್ನೇ ತೊಳೆಯೋದು ಅಂತಿದ್ದೀಯಾ? ಇನ್ನೂ ಕರ್ರಗಿದೆಯಲ್ಲೋ."

"ಬೆಳ್ಳಗ್ ಮಾಡಿದ್ರೆ ಸಾಯ್ತವೆ ಕಣಮ್ಮ."

"ಯಾರು?"

"ಒಳಗಿರೋರು."

ಅವಳು ಮೂರು ಹೆಜ್ಜೆ ಹಿಂದೆ ಸರಿದು ಕಂಟ್ರಾಕ್ಟರ್ ಟಾಡ್‌ಗೆ ಫೋನ್ ಹಚ್ಚಿದಳು. ನಿನ್ನ ಆಳು ನನ್ನ ಡಬ್ಬಿಯಲ್ಲಿ ಹುಳ ಸಾಕುತ್ತಿದ್ದಾನೆ ಎಂದಳು. ಟಾಡ್ ಹೊಸ ಬೂಟು ಹಾಕಿಕೊಂಡು ಬಂದ. ಆ ಪುಣ್ಯಾತ್ಮನಿಗೆ ಕೊಳ ಗೊತ್ತಿರಲಿಲ್ಲ, ಗಿರಾಕಿ ಗೊತ್ತಿತ್ತು. ನಲ್ಲಿಯ ಪೈಪನ್ನು ಹೆನಾರೊನತ್ತ ಚಾಚಿದ. ಹೆನಾರೊ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. ಕೊನೆಗೆ ಟಾಡನೇ ಪೈಪು ಹಿಡಿದು, ಬ್ಲೀಚೂ ಸುರಿದು ತಿಕ್ಕಿದ. ಸ್ಪಂಜು ಆಗ ತಾನೆ ಅಂಗಡಿಯಿಂದ ತಂದಂತೆ ಹೊಳೆಯಿತು.

ಹೆನಾರೊನ ಕೆಲಸ ಅಲ್ಲೇ ಹೋಯಿತು. ಅದು ಸಾಲದೆಂದು ಟಾಡ್, ಈ ಮನುಷ್ಯನಿಗೆ ಶುಚಿತ್ವ ಗೊತ್ತಿಲ್ಲ, ಗೇಟಿನೊಳಗೆ ಬಿಡಬೇಡಿ ಎಂದು ಗುಡ್ಡದ ಮೇಲೆ ತನ್ನ ಗುತ್ತಿಗೆಯಲ್ಲಿದ್ದ ಉಳಿದ ಎಂಟು ಕೊಳದ ಮನೆಗಳಿಗೂ ಕಾಗದ ಬರೆದ. ಶುಚಿತ್ವ ಗೊತ್ತಿಲ್ಲವಂತೆ! ಆ ಕಾಗದ ಇರುವ ತನಕ ಗುಡ್ಡದ ಮೇಲೆ ಹೆನಾರೊನಿಗೆ ಹುಲ್ಲು ಕೀಳುವ ಕೆಲಸವೂ ಸಿಗುವಂತಿರಲಿಲ್ಲ.

ಶನಿವಾರ ಬೆಳಿಗ್ಗೆ ಟಾಡ್ ತಾನಾಗಿ ಫೋನ್ ಮಾಡಿದ. ದನಿಯಲ್ಲಿ ಬೆಣ್ಣೆ. ಮೀನೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿವೆ, ಬೇಗ ಬಾ ಮಾರಾಯ ಎಂದ.

ಹೆನಾರೊ ಬಂದ, ಒಬ್ಬನೇ ಬರಲಿಲ್ಲ. ಉಳಿದ ಎಂಟು ಕೊಳ ನೋಡಿಕೊಳ್ಳುವ ಟಾಡ್‌ನ ಆಳುಗಳು, ಒಫೇಲಿಯ ಮತ್ತು ಇನ್ನೂ ಐವರು, ಜೊತೆಗಿದ್ದರು. ಒಬ್ಬೊಬ್ಬರ ಕೈಯಲ್ಲೂ ಮುಚ್ಚಳ ಹಾಕಿದ ಬಕೆಟ್ಟು, ಅದರೊಳಗೆ ತಂತಮ್ಮ ಕೊಳದಿಂದ ಕತ್ತರಿಸಿ ತಂದ, ಆ ಜೀವಗಳಿನ್ನೂ ಇರುವ ಅರ್ಧರ್ಧ ಕಪ್ಪು ಸ್ಪಂಜು. ಹುಲ್ಲಿನ ಮೇಲೆ ಸಾಲಾಗಿ ಕೂತರು.

"ನನ್ ಮೇಲ್ ಬರ್ದ ಕಾಗದ?" ಎಂದ ಹೆನಾರೊ.

ಅದನ್ನೆಲ್ಲ ಆಮೇಲೆ ನೋಡೋಣ ಎಂದು ಟಾಡ್ ರಾಗ ಎಳೆದ.

"ಆಗ್ಲಿ ಧಣಿ," ಅಂದಳು ಒಫೇಲಿಯ. "ನಮ್ಗೂ ಬುದ್ಧಿ ಬಂತು. ಸೋಮ್ವಾರದಿಂದ ಎಂಟೂ ಮನೇಲಿ ನೀವ್ ತೊಳ್ದಂಗೇ ತೊಳೀತೀವಿ. ಬೆಳ್ಳಗೆ."

ಟಾಡ್ ಎಂಟೂ ಕೊಳಗಳನ್ನು ನೆನೆಸಿಕೊಂಡ. ಬಕೆಟ್ಟಿನ ಮುಚ್ಚಳದ ಮೇಲೆ ಕಾಗದವಿಟ್ಟು ಬರೆದ: 'ಸ್ಪಂಜು ತೊಳೆದವನು ನಾನು. ತೊಳೆಸಿದವರು ಮನೆಯವರು. ಹೆನಾರೊ ಬೇಡವೆಂದಿದ್ದ. ಹಿಂದೆ ನಾನು ಬರೆದದ್ದು ಸುಳ್ಳು.' ಸಹಿ ಹಾಕಿದ.

"ನಿಮ್ದೂ ಒಂದ್ ಹಾಕಿ ಅಮ್ಮ," ಹೆನಾರೊ ಕಾಗದವನ್ನು ಮಿಸೆಸ್ ಲ್ಯಾಂಗ್ಲಿಯ ಮುಂದೆ ಹಿಡಿದ.

"ನಾನ್ಯಾಕೆ? ಮನೆ ನಂದು."

"ಮೀನೂ ನಿಮ್ದೇ."

ಮಾತೇನೋ ಗಟ್ಟಿಯಾಗಿಯೇ ಬಂತು. ಆದರೆ ವರ್ಷಗಟ್ಟಲೆ ಅವನ ಬೆರಳು ಚೀಪಿದ ಮುದಿ ಕೆಂಪು ಮೀನು ದಡಕ್ಕೆ ಬಂದು ಅವನನ್ನೇ ನೋಡುತ್ತಾ ಬಾಯಿ ಬಿಡುತ್ತಿತ್ತು. ಸಹಿ ಹಾಳಾಗಿ ಹೋಗಲಿ, ಮುಚ್ಚಳ ತೆಗಿ ಎಂದು ಒಫೇಲಿಯಳಿಗೆ ಕಣ್ಸನ್ನೆ ಮಾಡಿದ. ಒಫೇಲಿಯ ಕಂಡೂ ಕಾಣದಂತೆ ಮುಚ್ಚಳದ ಮೇಲೆ ಏರಿ ಕೂತಳು.

ಗೇಟಿನ ಬಳಿ ಕಾರಿನ ಬಾಗಿಲುಗಳು ದಡದಡ ಮುಚ್ಚಿದ ಸದ್ದು. ಮಿಸೆಸ್ ಲ್ಯಾಂಗ್ಲಿ ಪೆನ್ನು ಕಸಿದುಕೊಂಡು ಸಹಿ ಗೀಚಿದಳು.

ಮುಚ್ಚಳಗಳು ಹಾರಿದವು. ಕೊಳದ ನೀರು ಬದಲಾಗತೊಡಗಿತು, ಕ್ಲೋರಿನ್ ಇಳಿಸುವ ಪುಡಿ ಬಿತ್ತು, ಕಪ್ಪು ಸ್ಪಂಜುಗಳು ಡಬ್ಬಿ ಸೇರಿದವು. ಅಷ್ಟರಲ್ಲಿ ಸಂಘದ ಹೆಂಗಸರು ಮೂಗು ಮುಚ್ಚಿಕೊಂಡು ಒಳಗೆ ಬಂದು, ಇದೇನು ಎಂದು ಕೇಳಿದರು. ಮಿಸೆಸ್ ಲ್ಯಾಂಗ್ಲಿ ಸೆಟೆದು ನಿಂತು ಪಾಠ ಶುರುಮಾಡಿದಳು. ಈ ಲೋಳೆ ಜೀವಂತ, ಇದಕ್ಕೆ ನಲ್ಲಿ ನೀರು ಸೋಕಿಸಲೇಬಾರದು, ಹನ್ನೊಂದು ವರ್ಷದಿಂದ ನಾನು ಹೀಗೇ ಮಾಡಿಸೋದು ಎಂದಳು.

ಹೆನಾರೊ ಡಬ್ಬಿಯಿಂದ ತಲೆ ಎತ್ತಲಿಲ್ಲ.

"ನಡುವೆ ನಾಲ್ಕು ದಿನ ಬಿಟ್ಟು ಕಣಮ್ಮ."

"ಆ ನಾಲ್ಕು ದಿನ ಏನಾಗಿತ್ತು?" ಒಬ್ಬಾಕೆ ಕೇಳಿದಳು.

ಒಫೇಲಿಯ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಕಾಗದವನ್ನು ಆಕೆಯತ್ತ ಚಾಚಿದಳು.

"ಇದ್ರಲ್ಲೈತೆ, ಗಟ್ಟಿಯಾಗಿ ಓದ್ರಮ್ಮ. ಇಬ್ರ ಸಹೀನೂ ಐತೆ."

ಆಕೆ ಕನ್ನಡಕ ಹಾಕಿಕೊಂಡಳು.