ಎಡಗಾಲಿನ ಎಣಿಕೆ

೨೦೧೯ರ ಜೂನ್ ಹನ್ನೊಂದು, ಮಂಗಳವಾರ, ಬೆಳಿಗ್ಗೆ ಐದು ಗಂಟೆ ಹತ್ತು ನಿಮಿಷಕ್ಕೆ ಡ್ರಿಲ್ ಮೇಷ್ಟ್ರು ಹೆಂಡತಿಯ ನಾಡಿ ಹಿಡಿದು ಎಣಿಸಿ, ಹಾಸಿಗೆಯ ಮೇಲೆ ಎದ್ದು ಕೂತೇ ಬಿಟ್ಟರು.

"ಐವತ್ತೆರಡು!"

"ಎಷ್ಟು?" ಅವಳು ಕಣ್ಣು ಬಿಡದೆಯೇ ಕೇಳಿದಳು.

"ಐವತ್ತೆರಡು ಕಣೇ! ಹೋದ ವಾರ ತೊಂಬತ್ತೆಂಟಿತ್ತು."

"ಮಿಕ್ಕಿದ್ದು ಎಲ್ಲಿ ಹೋಯ್ತಂತೆ?"

ಮೇಷ್ಟ್ರು ಗಹಗಹಿಸಿ ನಕ್ಕರು. ಅವರು ಹಾಗೆ ನಕ್ಕು ನಾಲ್ಕು ತಿಂಗಳಾಗಿತ್ತು. "ಇವತ್ತು ಬಲಮಗ್ಗುಲಲ್ಲಿ ಎದ್ದಿದ್ದೀರಿ ಅಂತ ಕಾಣುತ್ತೆ," ಎಂದು ಅವಳೂ ನಕ್ಕಳು. ನಗು ಅರ್ಧಕ್ಕೇ ಉಸಿರಾಗಿ ಮುಗಿಯಿತು.

ನಾಡಿ ನೋಡುವುದರಲ್ಲಿ ಮೇಷ್ಟ್ರದು ಬಲು ಶಿಸ್ತು. ಎಚ್ಚರವಾದ ಮೇಲೆ ನೆಲಕ್ಕೆ ಕಾಲಿಡುವ ಮುಂಚೆ, ಮಾತಾಡುವ ಮುಂಚೆ ನೋಡಬೇಕು. ಹೆಬ್ಬೆರಳು ಕೂಡದು, ಅದಕ್ಕೆ ಅದರದೇ ಮಿಡಿತವಿರುತ್ತದೆ. ಮೂರು ಬೆರಳಿಟ್ಟು, ಗಡಿಯಾರದ ಸೆಕೆಂಡಿನ ಮುಳ್ಳು ನೋಡುತ್ತ ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಬೇಕು. ಇಪ್ಪತ್ತಾರು ವರ್ಷಗಳಿಂದ ತಮ್ಮದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತ ಬಂದಿದ್ದರು. ಐವತ್ತನಾಲ್ಕರ ಆಚೀಚೆ ಅದು ಕದಲಿರಲಿಲ್ಲ. ಸುಮ್ಮನೆ ಮಲಗಿದಾಗ ಎದೆ ಎಷ್ಟು ನಿಧಾನವೋ ಆಯುಸ್ಸು ಅಷ್ಟು ಉದ್ದ ಎಂದು ಯಾವುದೋ ತರಬೇತಿ ಶಿಬಿರದಲ್ಲಿ ಕೇಳಿದ್ದ ಮಾತು ಅವರಿಗೆ ಕಲ್ಲಿನಲ್ಲಿ ಕೊರೆದಂತಾಗಿತ್ತು. ಮಾತೇನೂ ಸುಳ್ಳಲ್ಲ. ಸಾವಿರಾರು ಜನರನ್ನು ವರ್ಷಗಟ್ಟಲೆ ನೋಡಿದರೆ, ವಿಶ್ರಾಂತಿಯಲ್ಲೂ ಓಡುವ ಎದೆಯವರು ಬೇಗ ಹೋಗುವುದು ಹೆಚ್ಚು. ಆದರೆ ಸಾವಿರಾರು ಜನರ ಲೆಕ್ಕ ಒಬ್ಬಳ ಮಣಿಕಟ್ಟಿಗೆ ನೇರವಾಗಿ ಇಳಿಯುವುದಿಲ್ಲ. ಶಿಬಿರದಲ್ಲಿ ಅದನ್ನು ಯಾರೂ ಹೇಳಿರಲಿಲ್ಲ.

ಜನವರಿಯಲ್ಲಿ ಹೆಂಡತಿಯದನ್ನೂ ಅದೇ ನೋಟ್‌ಬುಕ್ಕಿನಲ್ಲಿ ಬರೆಯತೊಡಗಿದಾಗ ಎಂಬತ್ತನಾಲ್ಕಿತ್ತು. ಮಾರ್ಚಿಗೆ ತೊಂಬತ್ತು, ಜೂನ್ ಮೊದಲ ವಾರಕ್ಕೆ ತೊಂಬತ್ತೆಂಟು. ಮೇಷ್ಟ್ರಿಗೆ ಒಳಗೊಳಗೇ ನಡುಕ. ಅವರ ಬಳಿ ಇದ್ದ ಔಷಧ ಒಂದೇ, ಮೈದಾನ. ದಿನಾ ಬೆಳಿಗ್ಗೆ ಐದೂವರೆಗೆ ಅವಳನ್ನು ಶಾಲೆಯ ಮೈದಾನಕ್ಕೆ ಕರೆದೊಯ್ದು ನಾಲ್ಕು ಸುತ್ತು ನಡೆಸುತ್ತಿದ್ದರು. ಆಮೇಲೆ ಅವಳು ಮುದ್ರಣಾಲಯಕ್ಕೆ ಹೋಗಿ ಎಂಟು ಗಂಟೆ ನಿಂತು ಹಾಳೆ ಮಡಿಸಿ, ಹೊಲಿದು, ಪುಸ್ತಕಕ್ಕೆ ರಟ್ಟು ಹಾಕುತ್ತಿದ್ದಳು. ಇಪ್ಪತ್ತು ವರ್ಷದಿಂದ ಅಲ್ಲಿ ಅವಳು ಎಲ್ಲರಿಗೂ ಬೈಂಡರಕ್ಕ.

ಈಗ ಆ ನಾಲ್ಕು ಸುತ್ತಿನ ಫಲ ಬೆರಳಿಗೇ ಸಿಕ್ಕಿತ್ತು. ಎರಡು ಬಡಿತಗಳ ನಡುವೆ ಏನೋ ಮೆತ್ತಗೆ ತಾಕಿದಂತಾಗಿದ್ದು ನಿಜ. ಮೇಷ್ಟ್ರು ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

"ಐವತ್ತೆರಡರ ಎದೆಗೆ ನಾಲ್ಕು ಸುತ್ತು ಯಾವ ಮೂಲೆಗೆ? ನಾಳೆಯಿಂದ ಆರು," ಎಂದರು.

ಶಾಲೆಯಲ್ಲಿ ಅಂದು ಅವರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಉಪಾಧ್ಯಾಯರ ಕೋಣೆಯಲ್ಲಿ ನೋಟ್‌ಬುಕ್ ಬಿಚ್ಚಿ ತೋರಿಸಿದರು. ಗಣಿತದವರು ಕನ್ನಡಕ ಮೇಲೇರಿಸಿ, "ತೊಂಬತ್ತೆಂಟರಿಂದ ಐವತ್ತೆರಡು, ಒಂದೇ ವಾರಕ್ಕೆ? ಈ ವೇಗದಲ್ಲಿ ಹೋದ್ರೆ ತಿಂಗಳೊಳಗೆ ಸೊನ್ನೆ ಮುಟ್ಟಿಸ್ತೀರಿ ಬಿಡಿ ಮೇಷ್ಟ್ರೇ," ಎಂದರು. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವರು ಮೇಷ್ಟ್ರೇ.

ಜೂನ್ ಪೂರ್ತಿ ಐವತ್ತೆರಡು, ಐವತ್ತಮೂರು. ಆದರೆ ಅವಳ ದಿಂಬು ಒಂದಿದ್ದದ್ದು ಎರಡಾಯಿತು, ಎರಡಿದ್ದದ್ದು ಮೂರು. ಸಂಜೆ ಚಪ್ಪಲಿ ಬಿಚ್ಚಿದರೆ ಪಾದದ ಮೇಲೆ ಪಟ್ಟಿಯ ಅಚ್ಚು ಹಾಗೇ ಉಳಿಯುತ್ತಿತ್ತು.

"ಯಾಕೋ ಆಗ್ತಿಲ್ಲ ರೀ. ಕಾಗದದ ಉಗ್ರಾಣಕ್ಕೆ ಎಂಟೇ ಮೆಟ್ಟಿಲು. ನಡುವೆ ಒಂದು ಸಲ ನಿಲ್ಲಬೇಕಾಗುತ್ತೆ."

"ನಿಂತೂ ನಿಂತೂ ಕಾಲು ಬಾತಿದೆ, ಅಷ್ಟೇ. ನಾಡಿ ಸುಳ್ಳು ಹೇಳುತ್ತಾ?"

"ಅದು ಹೇಳಲ್ಲ ಬಿಡಿ," ಎಂದು ಅವಳು ಗೋಡೆಯ ಕಡೆ ತಿರುಗಿದಳು.

ಜುಲೈ ಆರು, ಶನಿವಾರ. ಐದನೆಯ ಸುತ್ತಿನಲ್ಲಿ ಅವಳು ಉದ್ದಜಿಗಿತದ ಮರಳಿನ ಅಂಚಿಗೆ ಹೋಗಿ ಕೂತುಬಿಟ್ಟಳು.

"ಏಳು, ಇನ್ನು ಒಂದೂವರೆ."

"ನೀವೇ ಸುತ್ತಿ ಬನ್ನಿ. ನನ್ನ ಹೆಸರಿಗೆ ಬರ್ಕೊಳ್ಳಿ."

ತಮಾಷೆ ಎಂದುಕೊಂಡು ಮೇಷ್ಟ್ರು ಹತ್ತು ಹೆಜ್ಜೆ ಮುಂದೆ ಹೋಗಿ ತಿರುಗಿ ನೋಡಿದರು. ತುಟಿ ನೀಲಿಗಟ್ಟಿತ್ತು.

ಆಸ್ಪತ್ರೆಯ ಹೃದಯ ವಿಭಾಗದಲ್ಲಿ ಅಂದು ಇದ್ದ ಡಾಕ್ಟರಮ್ಮ ಅವರ ಹಳೆಯ ವಿದ್ಯಾರ್ಥಿನಿ. ಕವಾಯತಿನಲ್ಲಿ ಯಾವಾಗಲೂ ಹೆಜ್ಜೆ ತಪ್ಪಿ ಬೈಸಿಕೊಂಡವಳು. ಆಮ್ಲಜನಕ ಹಾಕಿಸಿ, ಕಾಲು ಒತ್ತಿ ನೋಡಿ, ಎಲ್ಲ ಕೇಳಿಕೊಂಡಳು. ಮೇಷ್ಟ್ರು ನೋಟ್‌ಬುಕ್ ಮುಂದಿಟ್ಟರು.

"ಇದೇ ಅರ್ಥ ಆಗ್ತಿಲ್ಲ ನೋಡಮ್ಮ. ನಾಡಿ ಇಷ್ಟು ಚೆನ್ನಾಗಿದೆ, ಇವಳಿಗೆ ಯಾಕೆ ಹೀಗೆ?"

ಅವಳು ಪುಟ ತಿರುಗಿಸಿದಳು. ಜೂನ್ ಹನ್ನೊಂದರ ಹತ್ತಿರ ಬೆರಳು ನಿಂತಿತು.

"ಸರ್, ಒಂದು ಕೆಲಸ ಮಾಡೋಣ. ನೀವು ಯಾವಾಗಿನ ಹಾಗೆ ಕೈ ಹಿಡಿದು ಎಣಿಸಿ. ನಾನು ಎದೆ ಕೇಳಿ ಎಣಿಸ್ತೀನಿ. ಅರ್ಧ ನಿಮಿಷ."

ಇಬ್ಬರೂ ಬಾಗಿದರು. ಮಲಗಿದ್ದ ಹೆಂಡತಿ ಇಬ್ಬರ ತಲೆಗಳನ್ನೂ ನೋಡುತ್ತ, "ನನ್ನ ಹಾಳೆ ಎಣಿಸೋಕೂ ಇಷ್ಟು ಜನ ಬೇಕಾಗಿರ್ಲಿಲ್ಲ," ಎಂದಳು.

"ಮಾತಾಡಬೇಡಿ ಅಮ್ಮ."

ಮುಳ್ಳು ಅರ್ಧ ಸುತ್ತಿತು.

"ಇಪ್ಪತ್ತೇಳು," ಎಂದರು ಮೇಷ್ಟ್ರು. "ಅಂದರೆ ಐವತ್ತನಾಲ್ಕು."

"ನನ್ನದೂ ಐವತ್ತನಾಲ್ಕು."

"ನೋಡಿದ್ಯಾ! ಒಂದೂ ಆಚೀಚೆ ಇಲ್ಲ."

"ಅರ್ಧ ನಿಮಿಷಕ್ಕೆ, ಸರ್."

ಮೇಷ್ಟ್ರ ಮುಖದ ಮೇಲಿನ ನಗು ಇಳಿಯುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ನೂರ ಎಂಟು.

"ನಡುವಿನದು ನಿಮ್ಮ ಬೆರಳಿಗೆ ಸಿಗೋದೇ ಇಲ್ವಾ ಸರ್?"

"ಸಿಗುತ್ತೆ. ಒಂದು ಗಟ್ಟಿ, ಒಂದು ಮೆತ್ತಗೆ. ಮೆತ್ತಗಿರೋದು..." ಅವರು ತಮ್ಮ ಮೂರು ಬೆರಳುಗಳನ್ನೇ ನೋಡಿಕೊಂಡರು. "ಅದು ಬಲಗಾಲಲ್ವಾ."

ಡಾಕ್ಟರಮ್ಮನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಕವಾಯತಿನಲ್ಲಿ ಡೋಲಿನ ಪೆಟ್ಟು ಬೀಳುವುದು ಎಡಗಾಲಿಗೆ; ಮೇಷ್ಟ್ರು ಕೂಗುವುದು ಎಡಗಾಲಿಗೆ; ಎಣಿಸುವುದೂ ಎಡಗಾಲನ್ನೇ. ಬಲಗಾಲು ತಾನಾಗಿ ಹಿಂದೆ ಬರುತ್ತದೆ, ಅದಕ್ಕೆ ಸಂಖ್ಯೆಯಿಲ್ಲ. ಮೂವತ್ತು ವರ್ಷ ಹಾಗೆ ಎಣಿಸಿದ ಮನುಷ್ಯನ ಬೆರಳಿಗೆ, ಹೆಂಡತಿಯ ಎದೆ ಕುಂಟತೊಡಗಿದ ದಿನ, ಅದು ನಡಿಗೆಯಂತೆ ಕೇಳಿಸಿತ್ತು.

"ಹೃದಯದ ಸ್ನಾಯು ಸೋತಾಗ ಹೀಗಾಗುತ್ತೆ ಸರ್," ಎಂದಳು ಡಾಕ್ಟರಮ್ಮ ತಗ್ಗಿದ ದನಿಯಲ್ಲಿ. "ಪ್ರತಿ ಸಲ ಪೂರ್ತಿ ಹಿಂಡೋಕೆ ಶಕ್ತಿ ಇರಲ್ಲ. ಒಂದು ಬಡಿತಕ್ಕೆ ಹಿಂಡುತ್ತೆ, ಇನ್ನೊಂದಕ್ಕೆ ಬರೀ ಅಲುಗಾಡುತ್ತೆ."

"ನಾನು ಅವಳನ್ನ ನಡೆಸಿದೆನಲ್ಲಮ್ಮ. ಆರು ಸುತ್ತು."

ಅವಳು ಸ್ಟೆಥಾಸ್ಕೋಪನ್ನು ಸುತ್ತಿ ಜೇಬಿಗಿಟ್ಟಳು, ಮತ್ತೆ ತೆಗೆದಳು.

"ಮೊದಲೇ ಕರ್ಕೊಂಡು ಬಂದಿದ್ರೆ?"

"ತೊಂಬತ್ತೆಂಟು ಇದ್ದಾಗ ಬಂದಿದ್ರೆ ಚೆನ್ನಾಗಿತ್ತು ಸರ್." ಸುಳ್ಳು ಹೇಳುವುದು ನಾಡಿಯಂತೆ ಅವಳಿಗೂ ಬರುತ್ತಿರಲಿಲ್ಲ.

ಸ್ಕ್ಯಾನಿನಲ್ಲಿ ಹೃದಯ ಹಿಗ್ಗಿ, ಗಾಳಿ ಹೋದ ಚೆಂಡಿನಂತೆ ಜೋತಿತ್ತು. ಒಂದು ಬಡಿತಕ್ಕೆ ಅರ್ಧಕ್ಕಿಂತ ಹೆಚ್ಚು ರಕ್ತ ಹೊರಗೆ ಹೋಗಬೇಕು. ಹೋಗುತ್ತಿದ್ದದ್ದು ಶೇಕಡಾ ಹತ್ತೊಂಬತ್ತು. ಮಾತ್ರೆಗಳು ಪಾದದ ಬಾವನ್ನು ಇಳಿಸಿದವು, ದಿಂಬುಗಳನ್ನು ಎರಡಕ್ಕೆ ತಂದವು. ಅಷ್ಟರಲ್ಲೇ ಮೇಷ್ಟ್ರು ಆಸೆಯ ಎಳೆ ಹಿಡಿದುಕೊಂಡರು. ಆಗಸ್ಟಿನ ಎರಡನೆಯ ಸ್ಕ್ಯಾನು ಹದಿನೈದು ತೋರಿಸಿತು. ಬದಲಿ ಹೃದಯದ ಪಟ್ಟಿಯಲ್ಲಿ ಹೆಸರು ಬರೆಸಬಹುದೇ ಎಂದು ಕೇಳಿದರು. ಮೂತ್ರಪಿಂಡಗಳೂ ಕೈಕೊಡುತ್ತಿವೆ, ಪಟ್ಟಿಯವರು ಹೆಸರು ತೆಗೆದುಕೊಳ್ಳುವುದಿಲ್ಲ ಎಂದು ಡಾಕ್ಟರಮ್ಮ ಹೇಳಿದಳು. ಎಷ್ಟು ದಿನ ಎಂದು ಮೇಷ್ಟ್ರು ಕೇಳಲಿಲ್ಲ. ಅವಳಾಗಿಯೇ, "ಈ ವರ್ಷ ದಾಟೋದು ಕಷ್ಟ ಸರ್," ಎಂದಳು.

ಆಸ್ಪತ್ರೆಯ ಆ ದಿನದಿಂದ ಮೇಷ್ಟ್ರು ಹೆಂಡತಿಯ ಕೈ ಹಿಡಿದಿರಲಿಲ್ಲ. ಮಾತ್ರೆಯನ್ನು ಕೂಡ ತಟ್ಟೆಯಲ್ಲಿಟ್ಟು ಸರಿಸುತ್ತಿದ್ದರು. ಆಗಸ್ಟ್ ಇಪ್ಪತ್ತೇಳರ ಮಧ್ಯಾಹ್ನ ನಾಲ್ಕಕ್ಕೆ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದವಳು ತಾನೇ ಮಣಿಕಟ್ಟು ಚಾಚಿದಳು.

"ಎಣಿಸಿ."

"ಬೇಡ ಬಿಡು. ನನ್ನ ಎಣಿಕೆಗೆ ಬೆಂಕಿ ಬೀಳಲಿ."

"ಐವತ್ತೆರಡು ಅಂದ ದಿನವೇ ನನಗೆ ಗೊತ್ತಿತ್ತು ರೀ. ಎದೆ ನನ್ನದಲ್ವಾ? ಒಳಗೆ ಅದು ಎದ್ದೂ ಬಿದ್ದೂ ಓಡ್ತಾ ಇತ್ತು. ನಿಮ್ಮ ಮುಖ ನೋಡಿದೆ. ಅಷ್ಟು ಸಂತೋಷ ಪಟ್ಟಿದ್ದನ್ನ ಯಾವ ಬಾಯಲ್ಲಿ ಕೆಡಿಸಲಿ ಅಂತ ಸುಮ್ಮನಾದೆ."

"ಹೇಳಬಾರದಿತ್ತಾ?"

"ಹೇಳ್ದೆ. ಮೆಟ್ಟಿಲ ವಿಷಯ ಹೇಳ್ದೆ." ಅವಳು ಉಸಿರು ತೆಗೆದುಕೊಂಡಳು. "ತಪ್ಪು ನನ್ನದೂ ಅರ್ಧ ಇರಲಿ. ಈಗ ನನ್ನ ಮುಖ ನೋಡ್ಕೊಂಡು ಹೇಳಬೇಡಿ. ಎಷ್ಟು ಬರುತ್ತೋ ಅಷ್ಟು ಹೇಳಿ."

ಮೇಷ್ಟ್ರು ನೆಲದ ಮೇಲೆ ಕೂತು ಮೂರು ಬೆರಳಿಟ್ಟರು. ಅರ್ಧ ನಿಮಿಷಕ್ಕೆ ನಿಲ್ಲಿಸಲಿಲ್ಲ. ಗಟ್ಟಿಯಾದದ್ದನ್ನೂ ಎಣಿಸಿದರು, ಕೂದಲು ತಾಕಿದಷ್ಟು ಮೆತ್ತಗಿನದನ್ನೂ ಎಣಿಸಿದರು. ನಿಮಿಷ ಮುಗಿದಾಗ, ಅರ್ಧ ಹೇಳಿಬಿಡೋಣ ಎಂಬ ಯೋಚನೆ ನಾಲಿಗೆಯ ತುದಿಗೆ ಬಂದು ಹೋಯಿತು.

"ಎಷ್ಟು?" ಎಂದಳು.

"ನೂರ ಇಪ್ಪತ್ತೆರಡು."